ಜೆಲ್ಟನ್ ತಂದ ಕಾಯಿ

ಕಾಯಿ ಒಡೆದ ಸದ್ದು ಕೇಳಿ ನಿವೇದಿತಾ ಅಡುಗೆಮನೆಗೆ ಓಡುವಷ್ಟರಲ್ಲಿ ಅತ್ತೆ ಅಂಬವ್ವ ಒಂದು ಹೋಳನ್ನು ದೇವರ ಮುಂದಿಟ್ಟು, ಇನ್ನೊಂದನ್ನು ತುರಿಯತೊಡಗಿದ್ದರು.

"ಅತ್ತೀ, ಅದನ್ನ ಯಾಕ ಒಡದ್ರಿ?"

"ಈ ಅಮೆರಿಕದ ಮಿಲ್ಪಿಟಾಸ್‌ನ್ಯಾಗ ಮನಿಗೆ ಬರಾವ್ರೆಲ್ಲಾ ಚಾಕಲೇಟ ತರ್ತಾರ. ಈ ಯಜಮಾನ್ರು ನೋಡು, ಕಾಯಿ ತಂದಾರ! ತಮ್ಮ ಊರಿಂದಂತ, ತನ್ವಿ ಹೇಳಿದ್ಲು."

ತಾಪತ್ರಯವೆಲ್ಲ ಆ ಊರಿನದೇ. ಪೆಸಿಫಿಕ್ ಸಾಗರದ ಆ ದ್ವೀಪದ ಬಳಿ ಅತಿಥಿ ಜೆಲ್ಟನ್ನರ ಅಪ್ಪನ ಕಾಲದಲ್ಲಿ ಅಮೆರಿಕದವರು ಅಣುಬಾಂಬು ಸಿಡಿಸಿ ನೋಡಿದ್ದರು; ಜನರನ್ನು ಎಬ್ಬಿಸಿ ಬೇರೆಡೆ ಸಾಗಿಸಿದ್ದರು. ಮಣ್ಣಿನಲ್ಲಿ ಉಳಿದ ವಿಕಿರಣಶೀಲ ಅಂಶ ಬೇರಿನಿಂದ ತೆಂಗಿನಕಾಯಿಗೆ ಏರುತ್ತದೆ. ಅದನ್ನು ಅಳೆದು, ಆ ಕುಟುಂಬಗಳು ಮರಳಬಹುದೇ ಎಂದು ಹೇಳುವುದು ನಿವೇದಿತಾಳ ಕೆಲಸ. ಮರಳಬಹುದು ಎಂದು ವರದಿ ಬರೆದಾಗಿತ್ತು, ನಾಳೆ ಬೆಳಿಗ್ಗೆ ಸಹಿ. ದ್ವೀಪದವರ ಪರವಾಗಿ ಬಂದಿದ್ದ ವೃದ್ಧ ಜೆಲ್ಟನ್ನರನ್ನು ಊಟಕ್ಕೆ ಕರೆದವಳೂ ಅವಳೇ.

ಒಂದು ಕಾಯಿಯಿಂದ ಏನೂ ಆಗುವುದಿಲ್ಲ. ಆ ಲೆಕ್ಕ ಅವಳದೇ. ಆದರೂ ಇಷ್ಟೆಲ್ಲ ಓದಿದವಳಿಗೆ ಒಂದು ಬಟ್ಟಲು ಚಟ್ನಿಯ ಭಯ!

ಅಂಬವ್ವ ಬಿಸಿ ದೋಸೆಯ ಪಕ್ಕ ಎಲ್ಲರಿಗೂ ಧಾರಾಳವಾಗಿ ಚಟ್ನಿ ಬಡಿಸಿದರು. ಜೆಲ್ಟನ್ ಮುಟ್ಟಲಿಲ್ಲ, ನಿವೇದಿತಾಳನ್ನೇ ನೋಡುತ್ತ ಕೂತರು. ಅವಳು ದೊಡ್ಡ ತುತ್ತನ್ನೇ ಅದ್ದಿ ಬಾಯಿಗಿಟ್ಟುಕೊಂಡಳು. ರುಚಿಯಾಗಿತ್ತು. ಮುದುಕರ ಮುಖ ಅರಳಿತು. ಅವರೂ ದೋಸೆ ಮುರಿದರು.

ಅಷ್ಟರಲ್ಲಿ ತನ್ವಿ ಚಟ್ನಿಗೆ ಬೆರಳು ಅದ್ದಿದಳು.

"ಬ್ಯಾಡ!" ನಿವೇದಿತಾ ಮಗಳ ಮುಂಗೈ ಹಿಡಿದುಬಿಟ್ಟಿದ್ದಳು.

"ವೈ, ಅಮ್ಮಾ? ಯೂ ಏಟ್ ಇಟ್."

"ಖಾರ ಅದ, ಪುಟ್ಟಿ."

"ಎಲ್ಲೀ ಖಾರ? ಕೂಸು ತಿಂತೈತಿ ಅಂತ ಮೆಣಸಿನಕಾಯಿ ಕಮ್ಮಿನ ಹಾಕೀನಿ," ಅಂಬವ್ವ ಮುಖ ಊದಿಸಿಕೊಂಡರು.

ಜೆಲ್ಟನ್ನರಿಗೆ ಕನ್ನಡ ಬರುವುದಿಲ್ಲ. ಆದರೆ ಇದಕ್ಕೆ ಭಾಷೆ ಬೇಕಿರಲಿಲ್ಲ. ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು.

"ನನ್ನ ಮೊಮ್ಮಗಳೂ ಇಷ್ಟೇ ಎತ್ತರ," ಎಂದರು ಇಂಗ್ಲಿಷಿನಲ್ಲಿ, ಮೆಲ್ಲಗೆ. "ಅಲ್ಲಿಗೆ ಹೋದರೆ ಅವಳಿಗೆ ದಿನಾ ಇದೇ ಊಟ."

ನಿವೇದಿತಾಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕೈ ಬಿಡಬೇಕು, ಮಗು ತಿನ್ನಲಿ, ಎಂದುಕೊಂಡಳು. ಬಿಡಲಾಗಲಿಲ್ಲ. ತನ್ವಿಯ ಬೆರಳ ತುದಿಯಿಂದ ಚಟ್ನಿ ಮೇಜಿನ ಮೇಲೆ ತೊಟ್ಟಿಕ್ಕಿತು.

ಅವಳು ಪೇಪರ್ ನ್ಯಾಪ್ಕಿನ್ ಎಳೆದುಕೊಂಡು, ಜೆಲ್ಟನ್ನರ ಕಣ್ಣೆದುರಿಗೇ ಮಗಳ ಬೆರಳನ್ನು ಒರೆಸತೊಡಗಿದಳು. ಉಗುರಿನ ಸಂದಿಯನ್ನೂ ಬಿಡಲಿಲ್ಲ.