ಇದು ತಾಲೀಮಲ್ಲ

ದಸರಾಕ್ಕೆ ಮುಂಚೆ ಮೈಸೂರಿನಲ್ಲಿ ಕುಶಾಲತೋಪಿನ ತಾಲೀಮು ನಡೆಯುತ್ತದಲ್ಲ, ಆಗ ಊರಿನವರು ಯಾರೂ ತಲೆ ಎತ್ತಿ ನೋಡುವುದಿಲ್ಲ. ಫಿರಂಗಿ ಢಮ್ ಎನ್ನುತ್ತದೆ, ಕಿಟಕಿಯ ಗಾಜು ಅದುರುತ್ತದೆ, ಕಾಫಿ ಕುಡಿಯುವವರು ಕುಡಿಯುತ್ತಲೇ ಇರುತ್ತಾರೆ. "ತಾಲೀಮು ಕಣ್ರೀ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರೆ ಮುಗಿಯಿತು. ಕುಂಬಾರಕೊಪ್ಪಲಿನ ಮಹದೇವಪ್ಪ ಪೊಲೀಸ್ ಇಲಾಖೆಯಲ್ಲಿ ಆ ಫಿರಂಗಿಗಳಿಗೆ ಮದ್ದು ತುಂಬಿಯೇ ಕೂದಲು ಹಣ್ಣು ಮಾಡಿಕೊಂಡವನು. ಒಂದು ವರ್ಷ ತಾಲೀಮಿನಲ್ಲೇ ಅವನ ಬಲ ಅಂಗೈ ಸುಟ್ಟು ಚರ್ಮ ಸುಕ್ಕುಗಟ್ಟಿತ್ತು. "ತಾಲೀಮಾದ್ರೇನು, ಮದ್ದು ನಿಜದ್ದೇ ಕಣೋ" ಎಂದು ಅದನ್ನು ಮಗನಿಗೆ ತೋರಿಸಿ ನಗುತ್ತಿದ್ದ.

ಆ ಮಗ ಮಹಾಂತೇಶ ಸತ್ತದ್ದೂ ತಾಲೀಮಿನಲ್ಲೇ. ಹಣೆಬರಹ ನೋಡಿ.

ಮಹಾಂತೇಶ ಇದ್ದದ್ದು ಹಡಗಿನಲ್ಲಿ. ಸಮುದ್ರದಲ್ಲಿ ಎಣ್ಣೆ ಸೋರಿದರೆ ಅದು ದಡಕ್ಕೆ ಬರದಂತೆ ನೀರಿನ ಮೇಲೆ ರಬ್ಬರ್ ಬೇಲಿ ಎಳೆದು, ಬಳಿದು ತೆಗೆಯುವ ಹಡಗು ಅದು; ಆ ಸಮುದ್ರದ ಸುತ್ತಲಿನ ನಾಲ್ಕು ದೇಶ ಕೂಡಿ ಈ ಕೆಲಸ ನಡೆಸುತ್ತಿದ್ದವು. ಇಂಥ ಕೆಲಸಕ್ಕೆ ನಾಲ್ಕು ದೇಶದವರು ಯಾಕೆ ಸೇರಬೇಕು ಎಂದು ಮಹದೇವಪ್ಪ ಒಮ್ಮೆ ಕೇಳಿದ್ದಕ್ಕೆ ಮಗ, "ಅಪ್ಪಾ, ಹಂಡೆ ನೀರಿಗೆ ಒಂದು ತೊಟ್ಟು ಹರಳೆಣ್ಣೆ ಬಿದ್ರೆ ಇದು ನನ್ನ ಪಾಲು, ಅದು ನಿನ್ನ ಪಾಲು ಅಂತ ಅದು ಕೇಳ್ಕೊಂಡು ಹರಡುತ್ತಾ?" ಎಂದಿದ್ದ. ಅಪ್ಪನಿಗೆ ಆ ಮಾತು ಎಷ್ಟು ಹಿಡಿಸಿತ್ತೆಂದರೆ, ಬೀದಿಯಲ್ಲಿ ಸಿಕ್ಕವರಿಗೆಲ್ಲ ಒಪ್ಪಿಸಿದ್ದೇ ಒಪ್ಪಿಸಿದ್ದು.

ಎರಡು ವರ್ಷದ ಹಿಂದೆ ಆ ನಾಲ್ಕು ದೇಶಗಳು ನಡುಸಮುದ್ರದಲ್ಲಿ ತಾಲೀಮು ಇಟ್ಟುಕೊಂಡವು. ಎಣ್ಣೆ ಹಡಗೊಂದು ಒಡೆದಿದೆ, ಬೆಂಕಿಯೂ ಬಿದ್ದಿದೆ ಎಂದು ಎಲ್ಲರೂ ನಂಬಿದಂತೆ ನಟಿಸಬೇಕು. ಒಡೆದ ಹಡಗಿನ ಪಾತ್ರ ಮಹಾಂತೇಶನ ಹಡಗಿನದು. ಯಾರೂ ನಿಜವೆಂದು ತಿಳಿದು ಗಾಬರಿಯಾಗಬಾರದಲ್ಲ, ಅದಕ್ಕೆ ರೇಡಿಯೋದಲ್ಲಿ ಪ್ರತಿ ಮಾತಿಗೂ ಮೊದಲು 'ಎಕ್ಸರ್‌ಸೈಜ್' ಎಂದು, ಅಂದರೆ ತಾಲೀಮು ಎಂದು, ಮೂರು ಸಲ ಹೇಳುವುದು ಅವರ ಪದ್ಧತಿ. ಬೆಂಕಿಯ ಸುಳ್ಳು ಸಂದೇಶ ಊಟದ ಹೊತ್ತಿನ ಮೇಲೆ ಹೋಗಬೇಕಿತ್ತು. ಅದಕ್ಕೆ ಮುಂಚೆಯೇ ಹಡಗಿನ ಹೊಟ್ಟೆಯಲ್ಲಿ ನಿಜವಾದ ಬೆಂಕಿ ಹೊತ್ತಿತು. "ಬೆಂಕಿ ಬಿದ್ದಿದೆ, ಬೇಗ ಬನ್ನಿ" ಎಂದು ಮಹಾಂತೇಶ ಕೂಗಿದ. ಪಕ್ಕದ ದೇಶದ ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ಅಧಿಕಾರಿ, ಹುಡುಗ ಅವಸರದಲ್ಲಿ ಆ ಮೂರು ಮಾತು ಮರೆತಿದ್ದಾನೆ, ಸಂದೇಶವನ್ನೂ ಮುಂಚೆಯೇ ಕಳಿಸಿದ್ದಾನೆ ಎಂದುಕೊಂಡ. "ತಲುಪಿತು, ಭೇಷ್" ಎಂದು ಉತ್ತರ ಕೊಟ್ಟು ಚಹಾ ತರಿಸಿಕೊಂಡ. ನಿಜ ಗೊತ್ತಾಗಿ ಸಹಾಯದ ಹಡಗು ಹೊರಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಗನ ಹೆಣವೂ ಸಿಗಲಿಲ್ಲ.

ಮಹದೇವಪ್ಪ ಅಳಲಿಲ್ಲ. ವಿಭೂತಿ ಹಚ್ಚಿ ಮಣ್ಣು ಮಾಡಲು ದೇಹವಾದರೂ ಇದ್ದರೆ ಅತ್ತಿರುತ್ತಿದ್ದನೋ ಏನೋ. ಅವನಿಗೆ ಬಂದದ್ದು ಸಿಟ್ಟು. ಊಟಕ್ಕೆ ಕೂತರೂ ಆ ಅಧಿಕಾರಿ, ಎದ್ದರೂ ಆ ಅಧಿಕಾರಿ. ಅವನ ಹೆಸರಿಗೆ ನಾಲಿಗೆ ಹೊರಳದ್ದರಿಂದ 'ಭೇಷ್ ಅಂದವ್ನು' ಎಂದೇ ಕರೆಯುತ್ತಿದ್ದ. ಒಂದೇ ಒಂದು ಸಲ ಅವನ ಎದುರು ನಿಂತು ಒಂದೇ ಒಂದು ಮಾತು ಕೇಳಬೇಕು. ಅಲ್ಲಿಯವರೆಗೆ ಸಾಯುವುದಿಲ್ಲ ಎನ್ನುತ್ತಿದ್ದ.

ಈ ವರ್ಷ ಆ ನಾಲ್ಕು ದೇಶದವರ ಸಭೆ ಮೈಸೂರಿನಲ್ಲೇ ಎಂದು ಗೊತ್ತಾಯಿತು. ಸತ್ತವರ ಮನೆಯವರನ್ನು ಕರೆದು ಶಾಲು ಹೊದಿಸುತ್ತಾರಂತೆ. ಭೇಷ್ ಅಂದವನೂ ಬರುತ್ತಾನಂತೆ. ಸೊಸೆ ಶಿಲ್ಪಶ್ರೀ ಕಾಲೇಜಿನಲ್ಲಿ ಪಾಠ ಹೇಳುವವಳು, ಸಮಾಧಾನದ ಹೆಂಗಸು. "ಬೇಡ ಮಾವ, ಹೋಗೋದು ಬೇಡ" ಎಂದಳು.

"ಓಗ್ಲೇಬೇಕು ಕಣವ್ವ. ನಂಗೊಂದು ಇಂಗ್ಲಿಷ್ ಮಾತು ಕಲ್ಸ್‌ಕೊಡು. 'ಒಂದ್ಸಲ ತಿರುಗಿ ಕೇಳೋಕೆ ನಿಂಗೇನಾಗಿತ್ತು?' ಇಷ್ಟೇ."

ಶಿಲ್ಪಶ್ರೀ ಕಣ್ಣೊರೆಸಿಕೊಂಡು ಕಲಿಸಿಕೊಟ್ಟಳು. "ವೈ ಡಿಡ್ ಯು ನಾಟ್ ಆಸ್ಕ್?" ಮುದುಕ ಕನ್ನಡಿಯ ಮುಂದೆ ಷರ್ಟಿನ ಗುಂಡಿ ಹಾಕುವಾಗ, ಹೂವಿನ ಗಿಡಕ್ಕೆ ನೀರು ಹಾಕುವಾಗ, ಅದನ್ನೇ ಹೇಳಿ ಹೇಳಿ ನಾಲಿಗೆಗೆ ಕೂರಿಸಿಕೊಂಡ. ಅದಕ್ಕೂ ಒಂದು ತಾಲೀಮು!

ಹೋಟೆಲಿನ ದೊಡ್ಡ ಸಭಾಂಗಣ. ಮೇಜಿನ ಮೇಲೆ ನೀಲಿ ಹಾಳೆ ಹಾಸಿ, ಅದರ ಮೇಲೆ ಆಟಿಕೆಯ ಹಡಗುಗಳನ್ನಿಟ್ಟು, ಎಣ್ಣೆ ಎಂದು ಕಪ್ಪು ಬಟ್ಟೆ ಹರಡಿದ್ದರು. ಸೂಟು ಹಾಕಿದ ದೊಡ್ಡವರು ಹಡಗು ತಳ್ಳುತ್ತ 'ಎಕ್ಸರ್‌ಸೈಜ್, ಎಕ್ಸರ್‌ಸೈಜ್' ಎನ್ನುತ್ತಿದ್ದರು. ಆಮೇಲೆ ಒಬ್ಬಾಕೆ ಎದ್ದು ಹೊಸ ನಿಯಮ ಓದಿದಳು. ಇನ್ನು ಮೇಲೆ ಅನುಮಾನ ಬಂದರೆ ನಿಜವೆಂದೇ ತಿಳಿಯಬೇಕು, ತಿರುಗಿ ಕೇಳಬೇಕು, ಒಂದು ಹಡಗು ಸದಾ ಸಿದ್ಧವಾಗಿ ನಿಂತಿರಬೇಕು. ನಾಲ್ಕೂ ದೇಶ ಒಪ್ಪಿವೆಯಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಊರು ಸೂರೆ ಹೋದ್ಮೇಲೆ ಕೋಟೆ ಬಾಗ್ಲು ಆಕ್ತಾವ್ರೆ" ಎಂದ ಮಹದೇವಪ್ಪ. ಶಿಲ್ಪಶ್ರೀ ಅವನ ಕೈ ಅದುಮಿದಳು. ಆಮೇಲೆ ಮೆಲ್ಲಗೆ ಕಣ್ಣಲ್ಲೇ ತೋರಿಸಿದಳು; ಒಳಗೆ ಬರುವಾಗಲೇ ಅವನ ಎದೆಯ ಮೇಲಿನ ಹೆಸರಿನ ಚೀಟಿ ಓದಿಕೊಂಡಿದ್ದಳು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ ಒಬ್ಬ ಸಣಕಲ ಮನುಷ್ಯ. ಭೇಷ್ ಅಂದವನು ಇವನೇ. ಮಹದೇವಪ್ಪ ರಾಕ್ಷಸನಂಥವನನ್ನು ಎಣಿಸಿಕೊಂಡಿದ್ದ; ಇವನಿಗೆ ಮಹಾಂತೇಶನಿಗಿಂತ ನಾಲ್ಕೈದು ವರ್ಷ ಹೆಚ್ಚಿದ್ದೀತು ಅಷ್ಟೆ. ಆದರೂ ಮುದುಕ ಎದ್ದ. ಮಾತು ನಾಲಿಗೆಯ ತುದಿಯಲ್ಲಿತ್ತು.

ಅಷ್ಟರಲ್ಲಿ ಢಮ್ ಎಂದಿತು. ಕಿಟಕಿ ಅದುರಿ, ಆಟಿಕೆಯ ಹಡಗೊಂದು ಮಗುಚಿತು. ಪರದೇಶದವರು ಬೆಚ್ಚಿ ಎದ್ದು ನಿಂತರು. ಚಹಾ ಹಂಚುತ್ತಿದ್ದವನು ನಗುತ್ತಲೇ, "ದಸರಾ ತಾಲೀಮು ಸಾರ್, ಏನಿಲ್ಲ" ಎಂದ. ಯಾರೋ ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ನಕ್ಕು ಕುಳಿತರು.

ಆ ಸಣಕಲ ಮನುಷ್ಯ ಮಾತ್ರ ಕೂರಲಿಲ್ಲ. ಮುಖ ಬಿಳಿಚಿ ಹೋಗಿತ್ತು. ಕಿಟಕಿಗೆ ಓಡಿದ, ಬಾಗಿಲಿಗೆ ಓಡಿದ, ಚಹಾದವನ ತೋಳು ಹಿಡಿದು ಏನೋ ಕೇಳಿದ, ಪಕ್ಕದವರನ್ನು ಕೇಳಿದ. ಜನ ಮುಜುಗರದಿಂದ ಮುಖ ತಿರುಗಿಸಿದರು. ಎರಡನೆಯ ಗುಂಡು ಹಾರಿತು. ಅವನು ಓಡುತ್ತ ಬಂದು ಎದುರಿಗೆ ಸಿಕ್ಕ ಮಹದೇವಪ್ಪನ ಎರಡೂ ತೋಳು ಹಿಡಿದುಕೊಂಡು ಅದನ್ನೇ ಕೇಳಿದ. ಈ ಮುದುಕ ಯಾರೆಂದು ಅವನಿಗೆ ಗೊತ್ತಿಲ್ಲ.

"ಏನಂತೆ?" ಎಂದು ಮಹದೇವಪ್ಪ ಸೊಸೆಯ ಕಡೆ ತಿರುಗಿದ.

ಶಿಲ್ಪಶ್ರೀ ಅವನ ಮಾತನ್ನು ಕನ್ನಡಕ್ಕೆ ತಂದಳು. "ಇದು ತಾಲೀಮೇ ಅಂತ ಯಾರಾದ್ರೂ ಕೇಳಿ ನೋಡಿದ್ರಾ ಅಂತ ಕೇಳ್ತಿದಾರೆ, ಮಾವ. ಎಲ್ರನ್ನೂ ಅದೇ ಕೇಳ್ತಿದಾರೆ."

ಮಹದೇವಪ್ಪ ಆ ಮುಖವನ್ನು ನೋಡಿದ. ಎರಡು ವರ್ಷದಿಂದ ಈ ಬಡಪಾಯಿಗೆ ಒಂದು ಪಟಾಕಿ ಸದ್ದೂ ಸುಳ್ಳೆನಿಸಿಲ್ಲ. ಕೇಳಬೇಕಾಗಿದ್ದ ದಿನ ಕೇಳದೇ ಹೋದ ಆ ಒಂದು ಮಾತನ್ನು ಈಗ ಕಂಡಕಂಡವರನ್ನೆಲ್ಲ ಕೇಳುತ್ತ ತಿರುಗುತ್ತಿದ್ದಾನೆ. ಅಯ್ಯೋ ಶಿವನೇ, ಇವನ ಕೊರಳಪಟ್ಟಿ ಹಿಡಿದು ಏನು ಕೇಳುವುದು?

ಮುದುಕ ತನ್ನ ಸುಟ್ಟ ಅಂಗೈಯನ್ನು ಅವನ ಬೆನ್ನ ಮೇಲಿಟ್ಟ. "ಎಕ್ಸರ್‌ಸೈಜ್ ಕಣಪ್ಪ. ನಂಗೊತ್ತು. ಈ ತೋಪ್ನ ನಾನೇ ಆರಿಸ್ತಿದ್ದೋನು. ಎಕ್ಸರ್‌ಸೈಜ್, ಎಕ್ಸರ್‌ಸೈಜ್. ಕೂತ್ಕೊ."

ಅವನು ಮಗುವಿನ ಹಾಗೆ ಕುಳಿತ. ತೋಪು ನಿಲ್ಲುವವರೆಗೂ ಮಹದೇವಪ್ಪ ಪಕ್ಕದಲ್ಲೇ ಇದ್ದು, ಪ್ರತಿ ಸದ್ದಿಗೂ ಬೆನ್ನು ತಟ್ಟಿದ. ತಾನು ಯಾರೆಂದು ಹೇಳಲಿಲ್ಲ, ಶಿಲ್ಪಶ್ರೀಗೂ ಹೇಳಗೊಡಲಿಲ್ಲ. ಶಾಲು ಹೊದಿಸುವ ಮುಂಚೆಯೇ ಇಬ್ಬರೂ ಹೊರಗೆ ಬಂದುಬಿಟ್ಟರು.

ಆಟೋದಲ್ಲಿ ಶಿಲ್ಪಶ್ರೀ ಕೇಳಿದಳು, "ಅಷ್ಟು ದಿನ ಬಾಯಿಪಾಠ ಮಾಡಿದ್ರಲ್ಲ ಮಾವ. ಕೇಳ್ಲೇ ಇಲ್ವಲ್ಲ?"

"ಅವ್ನೇ ಕೇಳ್ಬುಟ್ಟ ಕಣವ್ವ."

ಸಿಟ್ಟು ಇದ್ದಷ್ಟು ದಿನ ಮಗನದ್ದೊಂದು ಕೆಲಸ ಬಾಕಿ ಉಳಿದಿತ್ತು. ಕೆಲಸ ಬಾಕಿ ಇದ್ದುದರಿಂದ ಮಗನೂ ಎಲ್ಲೋ ಇದ್ದ. ಈಗ ಎದೆಯೊಳಗೆ ಕೈ ಹಾಕಿದರೆ ಏನೂ ಇಲ್ಲ.

"ಓಗ್ಬುಟ್ಟ ಕಣವ್ವ," ಎಂದ. "ನನ್ ಮಗ ಓಗ್ಬುಟ್ಟ." ಎರಡು ವರ್ಷ ಕಟ್ಟಿಕೊಂಡಿದ್ದ ಅಳು ಒಂದೇ ಸಲ ಒಡೆಯಿತು. ಬೀದಿಯವರು ತಿರುಗಿ ನೋಡುವಷ್ಟು ಜೋರಾಗಿ ಅತ್ತ. ಶಿಲ್ಪಶ್ರೀ ಅವನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ತಾನೂ ಅತ್ತಳು.

ಮುಗಿಯಿತೆಂದುಕೊಂಡಿದ್ದ ತೋಪು ಅರಮನೆಯ ಕಡೆಯಿಂದ ಮತ್ತೊಂದು ಸಲ ಹಾರಿತು. ಆಟೋದವನು ಕನ್ನಡಿಯಲ್ಲಿ ನೋಡಿ, "ಎದ್ರುಕೋಬೇಡಿ ಯಜಮಾನ್ರೆ, ತಾಲೀಮು ಅಷ್ಟೇ" ಎಂದ.

"ಗೊತ್ತು ಕಣಪ್ಪ," ಎಂದ ಮಹದೇವಪ್ಪ. "ನೀನು ಗಾಡಿ ಓಡ್ಸು."