ಬಾಳ್ಯಾನ ನಾಲಿಗೆಯ ಉಪಚಾರ

ಸವದತ್ತಿಯ ಪುರಾಣಿಕರ ಮನೆಯವರು ಮಾತಿನಿಂದಲೇ ಅನ್ನ ತಿನ್ನುವವರು. ಯಜಮಾನ ಕೃಷ್ಣಾಜಿಪಂತರು ಪುರಾಣ ಹೇಳಲು ಕೂತರೆ ದೀಪದ ಎಣ್ಣೆ ತೀರಿದರೂ ಏಳುತ್ತಿರಲಿಲ್ಲ. ಅಂಥವರ ಒಬ್ಬನೇ ಮೊಮ್ಮಗ ಬಾಳಕೃಷ್ಣ ನಾಲ್ಕು ತುಂಬಿದರೂ ಒಂದು ಮಾತು ಆಡಿರಲಿಲ್ಲ.

ಪ್ಲೇಗು ಇಳಿದು ಜನ ಊರಿಗೆ ಮರಳಿದ ವರ್ಷ ಉಪಚಾರಗಳು ಶುರುವಾದವು. ಬೆಳಿಗ್ಗೆ ಅಜ್ಜಿ ಶಾಂತಾಬಾಯಿ ಬಜೆಬೇರನ್ನು ಜೇನಿನಲ್ಲಿ ತೇದು ಅವನ ನಾಲಿಗೆಗೆ ತಿಕ್ಕುವರು. ಮಧ್ಯಾಹ್ನ ಅಜ್ಜ ಬಂಗಾರದ ಉಂಗುರದಿಂದ ಅದೇ ನಾಲಿಗೆಯ ಮೇಲೆ ಓಂಕಾರ ಬರೆಯುವರು. ಸಂಜೆ ಓಣಿಯ ಮುದುಕಿಯರು, ತಿಂದರೆ ಗಿಳಿಯ ಹಾಗೆ ಮಾತು ಬರುತ್ತದೆಂದು, ಗಿಳಿ ಕಚ್ಚಿದ ಪೇರಲಹಣ್ಣು ತರುವರು. ಹುಡುಗ ಆಕಳಿಸಲು ಬಾಯಿ ತೆರೆದರೂ ಯಾರಾದರೂ ಏನಾದರೂ ತುರುಕುತ್ತಿದ್ದರು. ಅವನು ತುಟಿ ಬಿಗಿಹಿಡಿಯುವುದನ್ನು ಕಲಿತ.

ಇದು ಕಂಡದ್ದು ತಾಯಿ ತಾರಾಬಾಯಿಗೆ ಮಾತ್ರ. ಆದರೆ ಆ ಮನೆಯಲ್ಲಿ ಸೊಸೆ ಮಾವನ ಎದುರು ದನಿ ತೆಗೆಯುವಂತಿರಲಿಲ್ಲ. ಹಿರಿಯರ ಮುಂದೆ ಹೆತ್ತ ಮಗುವನ್ನು ಮಾತಾಡಿಸುವುದೂ ನಾಚಿಕೆಗೇಡು. ಹಿರಿಯರಿಲ್ಲದ ಮೂಲೆಯೇ ಮನೆಯಲ್ಲಿರಲಿಲ್ಲ. ತವರಿನಲ್ಲಿ ಬಾಯಿಬಡಕಿ ಎನಿಸಿಕೊಂಡಿದ್ದವಳು ಈಗ ಒಲೆಯ ಮುಂದೆ ಕೂತು, ತನ್ನ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋಗಿ ಸೋಲುತ್ತಿದ್ದಳು.

“ತಾಯೀನ ಮೂಕಿ, ಮಗಾ ಹೆಂಗ ಮಾತಾಡ್ಯಾನು?” ಶಾಂತಾಬಾಯಿ ಬಂದವರಿಗೆಲ್ಲ ಹೇಳುವರು. “ಅಕೀ ಬಾಯಾಗಿಂದ ಒಂದು ಮಾತು ಬಂದದ್ದು ಕೇಳೀರೇನು ನೀವು?”

ವಂಶಕ್ಕೆ ಪುರಾಣ ಹೇಳುವ ನಾಲಿಗೆ ಬೇಕಲ್ಲ! ಪಂತರು ತಮ್ಮ ಮಗನಿಗೆ ಇನ್ನೊಂದು ಮದುವೆ ಮಾಡುವುದೆಂದು ನಿಶ್ಚಯವಾಯಿತು. “ಅಪ್ಪಾ ಹೇಳಿಧಂಗ,” ಎಂದ ತಾರಾಬಾಯಿಯ ಗಂಡ. ಅವನಿಗೆ ಬರುತ್ತಿದ್ದ ಮಾತೂ ಅದೊಂದೇ.

ರಾಮದುರ್ಗದಿಂದ ಹೆಣ್ಣಿನ ತಂದೆ ಬಂದರು. ವ್ಯವಹಾರದ ಮನುಷ್ಯ.

“ನಿಮ್ಮ ಮೊಮ್ಮಗ ಖರೇನ ಮೂಕ ಇದ್ರ ಮಗಳನ್ನ ಕೊಡತೇನಿ. ನಾಳೆ ಇಂವಾ ಮಾತಾಡಿದ ಅಂದ್ರ, ನನ್ನ ಮಗಳಿಗೆ ಹುಟ್ಟೋ ಮೊಮ್ಮಗ ಎರಡನೇಯವ ಆಗತಾನ. ಅದು ಆಗೂದಲ್ಲ.”

“ಬೇಕಾದ್ರ ನೀವ ನೋಡ್ರಿ,” ಪಂತರು ಮೊಮ್ಮಗನನ್ನು ನಡುಮನೆಯಲ್ಲಿ ನಿಲ್ಲಿಸಿದರು. “ಬಾಳ್ಯಾ, ರಾಮ ಅನ್ನು! ಅನ್ನಲೇ!” ಅಜ್ಜಿ ರೂಢಿಯಂತೆ ಬಜೆಯ ಬಟ್ಟಲು ಹಿಡಿದು ಬಂದರು. ಹುಡುಗನ ತುಟಿ ಬಿಗಿದುಕೊಂಡಿತು. “ನೋಡಿದ್ರ್ಯಾ?” ಎಂದರು ಪಂತರು, ಗೆದ್ದವರ ಹಾಗೆ.

ಬಾಗಿಲ ಮರೆಯಲ್ಲಿದ್ದ ತಾರಾಬಾಯಿ ಸೆರಗು ಬಿಗಿಮಾಡಿಕೊಂಡು ಹೊರಗೆ ಬಂದಳು. ಮಗನ ಎದುರು ಕೂತು, ಅತ್ತೆಯ ಕೈಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

“ಬಾಳ್ಯಾ, ಬಾಯಾಗ ಯಾರೂ ಏನೂ ಹಾಕೂದಿಲ್ಲ. ನಿನಗ ಇದು ಬೇಕೇನಪಾ?”

ಒಡಕು ದನಿ, ಆದರೆ ದೊಡ್ಡದು. ನಡುಮನೆ ಸ್ತಬ್ಧವಾಯಿತು, ಹುಡುಗ ಹುಟ್ಟಿದ ಮೇಲೆ ಅದೇ ಮೊದಲ ಸಲವಿರಬೇಕು. ಅವನು ತಾಯಿಯ ಬಾಯಿಯನ್ನೇ ನೋಡಿದ.

“ಬ್ಯಾಡ,” ಎಂದ.

ರಾಮದುರ್ಗದವರು ರುಮಾಲು ಸುತ್ತಿಕೊಂಡು ಎದ್ದರು. “ಸ್ವಚ್ಛ ಮಾತಾಡ್ತಾನಲ್ರೀ! ನಾವು ಬರತೇವಿ.”

ಅವರು ಮೆಟ್ಟಿಲಿಳಿಯುವ ಮೊದಲೇ ಜಗಳ ಶುರು.

“ನನ್ನ ಬಜಿ ಗುಣ!”

“ಹುಚ್ಚೀ, ಓಂಕಾರದ ಪ್ರಭಾವ ಅದು!”

ವಾದ ತೀರದಾಗ ಪಂತರು, ಎರಡು ಮೊಳ ದೂರದಲ್ಲಿದ್ದ ಸೊಸೆಗೆ ಹೆಂಡತಿಯ ಮೂಲಕ ಅಪ್ಪಣೆ ಕೊಟ್ಟರು: “ಇನ್ನೊಮ್ಮೆ ಅನಸಂತ ಹೇಳು ಅಕೀಗೆ.”

ತಾರಾಬಾಯಿ ಮಗನನ್ನು ಎಲ್ಲರೆದುರೇ ತೊಡೆಯ ಮೇಲೆ ಕೂಡಿಸಿಕೊಂಡಳು.

“ನಿನಗ ಮನಸಾದಾಗ ಅನ್ನು, ಮರೀ,” ಎಂದಳು. “ನಾ ಇಲ್ಲೇ ಕುಂತಿರತೇನಿ.”