ಗಣಿಯೊಳಗೆ ಯಾರೂ ಇಲ್ಲ

ಸಂಡೂರಿನ ಗುಡ್ಡಗಳಲ್ಲಿ ಹಗಲು ರಾತ್ರಿ ಎನ್ನದೆ ಅದಿರು ಬಗೆಯುತ್ತಿದ್ದ ಕಾಲ ಅದು. ಹೊಸಪೇಟೆಯಲ್ಲಿ ಕೈಯಲ್ಲಿ ನಾಲ್ಕು ಕಾಸಿದ್ದವರೆಲ್ಲ ಯಾವುದಾದರೊಂದು ದಾರಿ ಹಿಡಿದು ಗಣಿಯ ಕಡೆ ಮುಖ ಮಾಡಿದ್ದರು. ಸಿದ್ದಲಿಂಗೇಶ ಹಿಡಿದ ದಾರಿ ಕಂಪ್ಯೂಟರಿನದು. ಅಪ್ಪನ ಅಕ್ಕಿ ಗಿರಣಿಯ ಮುಂದಿನ ಕೋಣೆಗಳನ್ನು ಖಾಲಿ ಮಾಡಿಸಿ, ಗೋಡೆಗೆ ಬಿಳಿ ಬಣ್ಣ ಬಳಿಸಿ, ಗಣಿ ಕಂಪನಿಗಳಿಗೆ ಪ್ರೋಗ್ರಾಂ ಬರೆದುಕೊಡುವ ಕಚೇರಿ ತೆರೆದ. ಪ್ರೋಗ್ರಾಂ ಬರೆಯುವುದು ಅವನಿಗೂ ಒಂದಿಷ್ಟು ಬರುತ್ತಿತ್ತು. ಉಳಿದದ್ದನ್ನು ಬರೆಯಲು ಸುಧಾರಾಣಿ ಇದ್ದಳು.

ಸುಧಾರಾಣಿ ಚಿತ್ತವಾಡ್ಗಿಯವಳು. ಅವ್ವ ಮಲಪನಗುಡಿಯ ಹೊಲಗಳಲ್ಲಿ ಕಳೆ ಕಿತ್ತು ಓದಿಸಿದ ಮಗಳು. ಎಂಸಿಎ ಮುಗಿಸಿದ ದಿನ ಓಣಿಯವರೆಲ್ಲ ಬಂದು ಬಾಬಾಸಾಹೇಬರ ಫೋಟೋದ ಮುಂದೆ ಅವಳನ್ನು ಕೂರಿಸಿ ಹಾರ ಹಾಕಿದ್ದರು. ಮಾತು ಕಡಿಮೆ, ಕೆಲಸದಲ್ಲಿ ಹಟ ಜಾಸ್ತಿ. ಒಂದು ಸಾಲು ಯಾಕೆ ಹಾಗಿದೆ ಎಂದು ಗೊತ್ತಾಗುವ ತನಕ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಸಿದ್ದಲಿಂಗೇಶನ ಕೈಗೆ ಸಿಕ್ಕ ದೊಡ್ಡ ಕೆಲಸವೆಂದರೆ ಒಂದು ಗಣಿಯ ಗೇಟಿನದು. ಆ ಗಣಿಯಲ್ಲಿ ದಿನವೂ ಮಧ್ಯಾಹ್ನ ಬಂಡೆಗೆ ಮದ್ದು ಇಟ್ಟು ಸಿಡಿಸುತ್ತಿದ್ದರು. ಅದಕ್ಕೆ ಮೊದಲು ಒಳಗಿದ್ದವರೆಲ್ಲ ಹೊರಗೆ ಬರಬೇಕು. ಮೊದಲೆಲ್ಲ ಕೊಟ್ರಯ್ಯ ಎಂಬ ಹಳೆಯ ಮೇಸ್ತ್ರಿ ಸೀಟಿ ಊದುತ್ತ, ಹೆಸರು ಕೂಗುತ್ತ, ಮೂಲೆ ಮೂಲೆ ಇಣುಕಿ ನೋಡಿ ಬರುತ್ತಿದ್ದ. ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಈಗ ಗೇಟಿನಲ್ಲಿ ಕಾರ್ಡು ಉಜ್ಜಿ ಒಳಗೆ ಹೋಗುವುದು, ಕಾರ್ಡು ಉಜ್ಜಿ ಹೊರಗೆ ಬರುವುದು. ಒಳಗಿದ್ದವನ ಹೆಸರು ಪರದೆಯ ಮೇಲೆ ಕೆಂಪಗೆ ಕಾಣುತ್ತದೆ, ಹೊರಗೆ ಬಂದವನದು ಹಸಿರಾಗುತ್ತದೆ. ಎಲ್ಲ ಹಸಿರಾದ ಮೇಲೆ 'ಗಣಿಯೊಳಗೆ ಯಾರೂ ಇಲ್ಲ' ಎಂಬ ಸಾಲು ಮೂಡುತ್ತದೆ. ಕೊಟ್ರಯ್ಯ ಕುರ್ಚಿಯಲ್ಲಿ ಕೂತೇ ವಾಕಿಟಾಕಿಯಲ್ಲಿ ಅಪ್ಪಣೆ ಕೊಟ್ಟರೆ ಆಯಿತು.

ಅದನ್ನು ಕೂರಿಸಲು ಸುಧಾರಾಣಿ ಗಣಿಗೆ ಹೋದಾಗ, ಕಾರ್ಡು ಉಜ್ಜಿ ತೋರಿಸಲು ಮುಂದೆ ಬಂದವನು ಅಂಜಿನಯ್ಯ. ಕಂಪ್ಲಿ ಕಡೆಯವನು, ಬಂಡೆಗೆ ತೂತು ಕೊರೆಯುವ ಡ್ರಿಲ್ಲಿನ ಮೇಲಿನ ಆಳು. ವರ್ಷಗಟ್ಟಲೆ ಡ್ರಿಲ್ ಹಿಡಿದು ಕಿವಿ ಮಂದವಾಗಿತ್ತು. ಎಲ್ಲರೊಡನೆಯೂ ಕೂಗಿಯೇ ಮಾತಾಡುತ್ತಿದ್ದ. ಪರದೆಯ ಮೇಲೆ ತನ್ನ ಹೆಸರು ಕಂಡು ಮಗುವಿನಂತೆ ನಕ್ಕ.

"ಇದು ನಾನಾ, ಯವ್ವಾ? ಕೆಂಪಗ ಐತಲ್ಲ!"

"ಹೌದ್ರಿ ಅಣ್ಣ, ನೀವು ಈಗ ಒಳಗ ಅದೀರಿ ಅಂತ."

"ಬರೋಬ್ಬರಿ ಐತಿ. ಮೈಯೆಲ್ಲಾ ಕೆಂಪ ಧೂಳು, ಹೆಸರೂ ಕೆಂಪು!" ಎಂದು ಕೂಗಿ, ಡಬ್ಬಿಯಿಂದ ಒಂದು ಸಜ್ಜಿ ರೊಟ್ಟಿ ತೆಗೆದು ಮೇಲೆ ಮೆಣಸಿನಕಾಯಿ ಹಿಂಡಿ ಹಚ್ಚಿ ಅವಳ ಕೈಗಿಟ್ಟ. ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಕೆಲವು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಗಣಿಯವರು ಹೊಸ ಗುತ್ತಿಗೆದಾರರ ಆಳುಗಳನ್ನು ರಾಶಿ ರಾಶಿ ತಂದರು. ಒಂದು ದಿನ ಕಚೇರಿಯಲ್ಲಿ ಸುಧಾರಾಣಿ ಅಷ್ಟೂ ಹೆಸರು ತುಂಬಿ ಪ್ರೋಗ್ರಾಂ ಓಡಿಸಿ ನೋಡುತ್ತಿದ್ದಳು. ಒಬ್ಬನನ್ನು ಹೊರಗೆ ಕಳಿಸಿದಳು, ಇಬ್ಬರು ಹಸಿರಾದರು. ಕಣ್ಣುಜ್ಜಿಕೊಂಡು ಮತ್ತೆ ಮಾಡಿದಳು. ಮತ್ತೆ ಹಾಗೆಯೇ.

ಗಿರಣಿಯ ಹೊಟ್ಟಿನ ವಾಸನೆಯಲ್ಲಿ ಕೂತು ಸಂಜೆಯ ತನಕ ಹುಡುಕಿದಳು. ತಪ್ಪು ಇದ್ದದ್ದು ಪ್ರೋಗ್ರಾಮಿನ ಬುಡದಲ್ಲಿ, ಒಬ್ಬೊಬ್ಬ ಆಳಿನ ವಿವರ ಹಿಡಿದಿಡುವ ಕಟ್ಟಿನಲ್ಲಿ. ಅದು ಸಿದ್ದಲಿಂಗೇಶ ಸ್ವತಃ ಬರೆದದ್ದು. ಆ ಕಟ್ಟಿನೊಳಗೆ ಆಳು ಒಳಗಿದ್ದಾನೋ ಹೊರಗಿದ್ದಾನೋ ಎಂಬ ಮಾತು ನೇರವಾಗಿ ಇರಲಿಲ್ಲ. ಅದನ್ನು ಬರೆದಿಟ್ಟ ಜಾಗದ ವಿಳಾಸ ಮಾತ್ರ ಇತ್ತು. ಇಂಥ ಕಟ್ಟುಗಳನ್ನೆಲ್ಲ ತುಂಬಿಡುವುದಕ್ಕೆ ಒಂದು ಕಂಟೇನರ್ ಇರುತ್ತದೆ. ಅದರ ಗುಣವೇ ನಕಲು ಮಾಡುವುದು. ಜನ ಹೆಚ್ಚಾಗಿ ಜಾಗ ಸಾಲದಾದರೆ ದೊಡ್ಡ ಜಾಗ ಹಿಡಿದು, ಎಲ್ಲರದೂ ನಕಲು ತೆಗೆದು ಅಲ್ಲಿಟ್ಟು, ಹಳೆಯದನ್ನು ಕೆಡವುತ್ತದೆ. ನಕಲು ಹೇಗೆ ತೆಗೆಯಬೇಕೆಂದು ಸಿದ್ದಲಿಂಗೇಶ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಅದು ವಿಳಾಸವನ್ನಷ್ಟೇ ನಕಲು ಮಾಡಿತ್ತು. ಇಂಥದ್ದೇ ಇನ್ನೊಂದು ಮನೆ ಕಟ್ಟಿಕೊಡು ಎಂದರೆ ಹಳೆ ಮನೆಯ ವಿಳಾಸದ ಚೀಟಿ ಬರೆದುಕೊಟ್ಟು, ಆಮೇಲೆ ಆ ಮನೆಯನ್ನೇ ಕೆಡವಿದ ಹಾಗೆ. ಬಿದ್ದ ಮನೆಯ ಜಾಗದಲ್ಲಿ ಇನ್ನೊಬ್ಬ ಬಂದು ಬಿಡಾರ ಹೂಡುತ್ತಾನೆ. ಚೀಟಿ ಹಿಡಿದು ಹೋದವನಿಗೆ ಅಲ್ಲಿ ಕಾಣುವುದು ಆ ಇನ್ನೊಬ್ಬನ ಸಂಸಾರ.

ಇಂಥ ತಪ್ಪಿದ್ದರೆ ಎಷ್ಟೋ ಸಲ ಪ್ರೋಗ್ರಾಂ ಧೊಪ್ಪನೆ ನಿಂತುಬಿಡುತ್ತದೆ. ನಿಂತರೆ ಪುಣ್ಯ. ಇದು ನಿಲ್ಲದೆ, ಅಳುಕದೆ ಸುಳ್ಳು ಹೇಳುತ್ತಿತ್ತು.

ಸರಿಪಡಿಸುವುದು ದೊಡ್ಡ ಕೆಲಸವೇನಲ್ಲ. ನಕಲು ತೆಗೆಯುವಾಗ ಪ್ರತಿಯೊಂದಕ್ಕೂ ಬೇರೆ ಜಾಗ ಕೊಟ್ಟು, ಒಳಗಿನದನ್ನೂ ಹೊಸದಾಗಿ ಬರೆದಿಡಬೇಕು. ಒಬ್ಬನ ವಿವರವಿದ್ದ ಜಾಗಕ್ಕೆ ಇನ್ನೊಬ್ಬನದನ್ನು ಬರೆಯುವಾಗಲೂ ಹಾಗೆಯೇ. ಕೈಬೆರಳೆಣಿಕೆಯ ಸಾಲುಗಳು. ಬರೆದಳು, ಓಡಿಸಿದಳು. ಒಬ್ಬ ಹೊರಗೆ ಬಂದರೆ ಒಬ್ಬನೇ ಹಸಿರಾದ.

ಮರುದಿನ ತಿದ್ದಿದ ಪ್ರೋಗ್ರಾಮನ್ನು ಒಂದು ಸಿಡಿಗೆ ತುಂಬಿಕೊಂಡು ಬಸ್ಸು ಹತ್ತಿದಳು. ಅದಿರು ಲಾರಿಗಳ ಸಾಲಿನ ನಡುವೆ ಬಸ್ಸು ತೆವಳುತ್ತ ಗಣಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಮ್ಯಾನೇಜರ್ ಮರುಳಸಿದ್ದಪ್ಪ ಎರಡು ಫೋನು ಹಿಡಿದು ಕೂತಿದ್ದ.

"ಗೇಟ್ ಬಂದ್ ಮಾಡ್ಬೇಕಾ? ಎಷ್ಟೊತ್ತು?"

"ಅರ್ಧ ತಾಸು ಸಾಕ್ರಿ ಸರ್."

"ಅರ್ಧ ತಾಸು ಅಂದ್ರ ಏನಂತ ಗೊತ್ತೇನವ್ವ ನಿನಗ? ಬಂದರಿನ್ಯಾಗ ಅದಿರಿಗೆ ಹಡಗು ಕಾಯ್ಕೊಂಡು ನಿಂತೈತಿ. ಭಾನುವಾರ ಬರ್ರಿ, ನೋಡೂಣು."

"ಸರ್, ಒಳಗಿದ್ದವ್ರನ್ನ ಹೊರಗ ಅಂತ ತೋರಿಸ್ತೈತ್ರಿ ಅದು. ಜೀವದ ವಿಷಯ."

ಮರುಳಸಿದ್ದಪ್ಪ ಅಲ್ಲಿಂದಲೇ ಸಿದ್ದಲಿಂಗೇಶನಿಗೆ ಫೋನ್ ಮಾಡಿ ಅವಳ ಕೈಗೆ ಕೊಟ್ಟ. "ಸುಧಾ, ಗಿರಾಕಿ ಮುಂದ ನಮ್ಮ ಮಾಲು ಕೆಟ್ಟೈತಿ ಅಂತ ಯಾರರ ಹೇಳ್ತಾರೇನು? ಸುಮ್ನ ಎದ್ದು ಬಾ" ಎಂದ ಸಿದ್ದಲಿಂಗೇಶ.

ಹೊರಡುವ ಮುಂಚೆ ಅವಳು ಗೇಟಿನಲ್ಲಿ ಕೊಟ್ರಯ್ಯನ ಹತ್ತಿರ ನಿಂತಳು. "ಅಜ್ಜಾ, ಭಾನುವಾರದ ತನಕ ಇದನ್ನ ನಂಬಬ್ಯಾಡ್ರಿ. ಮೊದಲಿನಂಗ ಇಳದು ನೋಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನೋಡ್ತೀನಿ ಬಿಡು ತಾಯಿ," ಎಂದ ಮುದುಕ. ಒಂದೆರಡು ದಿನ ನೋಡಿದ್ದೂ ಹೌದು. ಆಮೇಲೆ ಕುರ್ಚಿ ಬಿಟ್ಟು ತಿರುಗಾಡುತ್ತಾನೆಂದು ಮ್ಯಾನೇಜರ್ ಎಲ್ಲರೆದುರು ಬೈದ. ಮುದುಕ ಕೂತುಬಿಟ್ಟ.

ಶನಿವಾರ ಮಧ್ಯಾಹ್ನ ಪರದೆ 'ಗಣಿಯೊಳಗೆ ಯಾರೂ ಇಲ್ಲ' ಎಂದಿತು, ಕೊಟ್ರಯ್ಯ ಅಪ್ಪಣೆ ಕೊಟ್ಟ. ಅಂಜಿನಯ್ಯ ಗುಡ್ಡ ಕಡಿದು ಮಾಡಿದ ಕೆಳಗಿನ ಮೆಟ್ಟಿಲ ಮರೆಯಲ್ಲಿ ಡ್ರಿಲ್ಲಿನ ಪೈಪು ಸುತ್ತುತ್ತಿದ್ದ. ಮದ್ದು ಸಿಡಿಸುವ ಮುಂಚಿನ ಸೈರನ್ ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ.

ಸುದ್ದಿ ಸುಧಾರಾಣಿಗೆ ಮುಟ್ಟಿದ್ದು ಸಂಜೆ, ನಲ್ಲಿಯ ಹತ್ತಿರ, ಪಕ್ಕದ ಮನೆಯ ಲಾರಿ ಡ್ರೈವರನ ಬಾಯಿಂದ. "ಸತ್ತವ ಕಂಪ್ಲಿ ಕಡೆಯವನಂತ, ಕಿವುಡ" ಎಂದ ಆತ. ಅವಳು ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಗೋಡೆಗೆ ಆತು ಕೂತಳು.

ಭಾನುವಾರ ಕಚೇರಿಗೆ ಓಡಿದಳು. ಸಿಡಿ ಮೇಜಿನ ಮೇಲಿರಲಿಲ್ಲ. ಸಿದ್ದಲಿಂಗೇಶ ಬೆಳಗ್ಗೆಯೇ ಅದನ್ನು ತೆಗೆದುಕೊಂಡು ಜೀಪಿನಲ್ಲಿ ಗಣಿಗೆ ಹೋಗಿದ್ದ. ಯಾಕೆ ಎಂಬುದು ಅವಳಿಗೆ ತಕ್ಷಣ ಹೊಳೆಯಲಿಲ್ಲ. ತಪಾಸಣೆಯವರು ಬರುವ ಮುಂಚೆ ಹಳೆಯ ತಪ್ಪನ್ನು ಅಳಿಸಲು ಎಂದು ಹೊಳೆದದ್ದು ಆಮೇಲೆ.

ತಪಾಸಣೆಯ ಅಧಿಕಾರಿ ಬಂದ ದಿನ ಅವಳನ್ನೂ ಕರೆಸಿದರು. ಆತ ಒಳ್ಳೆಯ ಮನುಷ್ಯನಂತೆಯೇ ಕಂಡ. ಎಲ್ಲ ಆಳುಗಳ ಕೈಲಿ ಕಾರ್ಡು ಉಜ್ಜಿಸಿ, ಒಬ್ಬೊಬ್ಬರನ್ನೇ ಹೊರಗೆ ಕರೆಸಿ, ಪರದೆ ನೋಡುತ್ತ ನಿಂತ. ಒಬ್ಬ ಬಂದರೆ ಒಬ್ಬನೇ ಹಸಿರಾಗುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ. ಸುಧಾರಾಣಿ ತಾನು ಬರೆದ ಸಾಲುಗಳು ತನ್ನ ಕಣ್ಣೆದುರೇ ಅಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ನೋಡಿದಳು. ಒಂದಾದರೂ ತಪ್ಪಾಗಲಿ, ಒಂದೇ ಒಂದು, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಸರ್, ಅವತ್ತು ಓಡ್ತಿದ್ದುದು ಇದಲ್ಲ. ಇದನ್ನ ಆಮೇಲೆ ಹಾಕ್ಯಾರ."

ಅಧಿಕಾರಿ ತಿರುಗಿದ. ಸಿದ್ದಲಿಂಗೇಶ ನಿಧಾನವಾಗಿ ಹೇಳಿದ: "ಇದು ಮೊದಲಿಂದನೂ ಇದ್ದದ್ದೇ ಸರ್."

ತನ್ನಲ್ಲಿದ್ದ ಹಳೆಯ ಪ್ರೋಗ್ರಾಮನ್ನು ಅವಳು ಬೇರೆ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿದಳು. ಇಬ್ಬರು ಹಸಿರಾದರು. "ಅದು ಕಚೇರಿಯಾಗ ಕಲಿಯಾಕ ಬರ್ದಿದ್ದು ಸರ್, ಗಣಿಗೆ ಬಂದೇ ಇಲ್ಲ," ಎಂದ ಸಿದ್ದಲಿಂಗೇಶ. ಗಣಿಯ ಕಂಪ್ಯೂಟರಿನಲ್ಲಿ ಹಳೆಯದರ ಮೇಲೆ ಹೊಸದು ಕೂತಿತ್ತು. ಗುರುತು ಏನೂ ಉಳಿದಿರಲಿಲ್ಲ.

"ಈ ಹುಡುಗಿ ನಿಮಗೆ ಮೊದಲೇ ಹೇಳಿದ್ದಳಂತೆ, ಹೌದೇನ್ರಿ?" ಎಂದು ಅಧಿಕಾರಿ ಕೊಟ್ರಯ್ಯನನ್ನು ಕೇಳಿದ. ಹೌದೆಂದರೆ ತಪ್ಪೆಲ್ಲ ತನ್ನ ಮೈಮೇಲೆ ಬರುತ್ತದೆಂದು ಮುದುಕನಿಗೆ ಗೊತ್ತಿತ್ತು. ನೆಲ ನೋಡುತ್ತ, "ನಂಗ ನೆನಪಿಲ್ರಿ," ಎಂದ.

ಸತ್ತವನೇ ಯಾರದೋ ಕೈಲಿ ತನ್ನ ಕಾರ್ಡು ಉಜ್ಜಿಸಿ, ಒಳಗೆ ಮಲಗಿದ್ದನೆಂದು ತೀರ್ಮಾನವಾಯಿತು. ಸುಧಾರಾಣಿ ಮಾರನೆಯ ದಿನದಿಂದ ಕಚೇರಿಗೆ ಹೋಗಲಿಲ್ಲ. ಬರಬೇಡವೆಂದು ಸಿದ್ದಲಿಂಗೇಶ ಹೇಳಿ ಕಳಿಸುವ ಮುಂಚೆಯೇ ಅವಳು ಬಿಟ್ಟಿದ್ದಳು.

ಕೆಲವು ವಾರಗಳಾದ ಮೇಲೆ ಕಂಪ್ಲಿಗೆ ಹೋದಳು. ಕಂಪ್ಲಿಯಿಂದಾಚೆ ಕಬ್ಬಿನ ಗದ್ದೆಗಳ ಅಂಚಿನ ಓಣಿಯಲ್ಲಿ ಅಂಜಿನಯ್ಯನ ಮನೆ. ಹೆಂಡತಿ ಉಚ್ಚಂಗೆಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಯಾರೆಂದು ಕೇಳಿ, ಒಳಗೆ ಕರೆದು ಚಾಪೆ ಹಾಸಿದಳು. "ಕುಂದ್ರವ್ವ" ಎಂದು ನೀರು ಕೊಟ್ಟಳು.

ಸುಧಾರಾಣಿ ಎಲ್ಲವನ್ನೂ ಹೇಳಿದಳು. ವಿಳಾಸದ ಚೀಟಿ, ಕೆಡವಿದ ಮನೆ, ಸಿಡಿ, ಮ್ಯಾನೇಜರ್ ಕೊಡದ ಅರ್ಧ ತಾಸು, ಭಾನುವಾರ. "ಅಣ್ಣ ಮೋಸ ಮಾಡಿಲ್ಲ ಅಕ್ಕ. ಮಲಗಿರಲಿಲ್ಲ. ತಪ್ಪು ಕಂಪ್ಯೂಟರಿಂದು."

ಉಚ್ಚಂಗೆಮ್ಮನ ಕೈ ಮೊರದ ಮೇಲೆ ನಿಂತಿತ್ತು. "ಇದನ್ನ ಅವ್ರ ಮುಂದ ಹೇಳಿದ್ಯಾ?"

"ಹೇಳಿದೆ ಅಕ್ಕ."

"ನಂಬಿದ್ರಾ?"

"ಇಲ್ಲ."

"ಮತ್ತ ಯಾರಿಗರ ಹೇಳಿದ್ರ ನಂಬ್ತಾರಾ?"

ಸುಧಾರಾಣಿ ಕಂಡಕಂಡವರಿಗೆಲ್ಲ ಅರ್ಜಿ ಕೊಟ್ಟಾಗಿತ್ತು. ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಉಚ್ಚಂಗೆಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ತಾಟಿನಲ್ಲಿ ಅನ್ನ ಸಾರು ಹಾಕಿ ಮುಂದಿಟ್ಟಳು. ಸುಧಾರಾಣಿ ಉಣ್ಣುವ ತನಕ ಎದುರಿಗೇ ಕೂತಿದ್ದಳು. ಕೈ ತೊಳೆಯಲು ನೀರು ಹಾಕುವಾಗ, ದನಿ ಏರಿಸದೆ ಹೇಳಿದಳು:

"ಇಲ್ಲೀತನ ದೇವರು ಕರ್ಕೊಂಡ ಅಂತ ಹೆಂಗೋ ಮಲಗ್ತಿದ್ದೆ ತಾಯಿ. ಈಗ ಅರ್ಧ ತಾಸು ಗೇಟ್ ಬಂದ್ ಮಾಡಿದ್ರ ಉಳಿತಿದ್ದ ಅಂತ ಹೇಳ್ದಿ. ಇದನ್ನ ಇಟ್ಕೊಂಡು ನಾ ಹೆಂಗ ಮಲಗ್ಲಿ? ನೀ ಒಳ್ಳೇಕಿ, ನಂಗ ತಿಳೀತೈತಿ. ಆದ್ರ ಇನ್ನ ಮ್ಯಾಲೆ ನಮ್ಮ ಮನಿಗೆ ಬರಬ್ಯಾಡ."

ಸುಧಾರಾಣಿ ಕೈ ಒರೆಸಿಕೊಂಡು ಎದ್ದಳು. ಹೊರಗೆ ಬಂದಳು. ಹಿಂದೆ ಬಾಗಿಲು ಹಾಕಿಕೊಂಡ ಸದ್ದಾಯಿತು. ಬಸ್ಸಿನ ಹೊತ್ತು ಮೀರಿತ್ತು. ಕಾಲುವೆಯ ಏರಿ ಹಿಡಿದು ಹೆದ್ದಾರಿಯ ಕಡೆ ನಡೆಯತೊಡಗಿದಳು. ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, "ಯಾರ ಮನಿಗೆ ಬಂದಿದ್ದ್ಯವ್ವ?" ಎಂದು ಕೂಗಿ ಕೇಳಿದಳು. ಸುಧಾರಾಣಿ ಯಾರ ಹೆಸರನ್ನೂ ಹೇಳದೆ ಮುಂದೆ ಹೋದಳು.